ಆ ಸಾಲುಗಳಿಗೆ ಅರ್ಥ ಹೇಳಿದವಳು

ತಮ್ಮಾ,

ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರವನ್ನು ನೀನು ಇನ್ನು ನಂಬುವುದಿಲ್ಲವೆಂದು ಗೊತ್ತಿದ್ದೇ ಪೆನ್ನು ಹಿಡಿದಿದ್ದೇನೆ. ಓದದೆ ಹರಿದು ಹಾಕಿದರೂ ಸರಿ. ಹೇಳಬೇಕಾದದ್ದನ್ನು ಹೇಳದೆ ಬಿಡಲಾರೆ.

ಮುದ್ರಣಾಲಯದಲ್ಲಿ ಹದಿನಾರು ವರ್ಷ ಕರಡು ತಿದ್ದಿದವನು ನೀನು. ಅಲ್ಲಿಯವರೆಲ್ಲ ನಿನ್ನನ್ನು 'ಒತ್ತಕ್ಷರ' ಎಂದೇ ಕರೆಯುತ್ತಿದ್ದರು. "ವರ ಹೋಗಿ ಬರ ಅಂತ ಅಚ್ಚಾದ್ರೆ ಮದುವೆ ಮನೆಯವರು ನಮ್ಮನ್ನ ಸುಮ್ನೆ ಬಿಡ್ತಾರಾ?" ಎಂದು ಓಡುತ್ತಿದ್ದ ಯಂತ್ರವನ್ನು ನೀನು ನಿಲ್ಲಿಸಿದ ಕತೆಯನ್ನು ನಿನ್ನ ಯಜಮಾನರು ನನಗೆ ಎರಡು ಸಲ ಹೇಳಿದ್ದರು. ನಿನ್ನ ಕಾಯಿಲೆಯನ್ನು ಮೊದಲು ಗುರುತಿಸಿದವರೂ ಅವರೇ. "ನಿಮ್ಮ ತಮ್ಮ ಇಲ್ಲದ ತಪ್ಪನ್ನೂ ತಿದ್ದೋಕೆ ಶುರು ಮಾಡಿದಾರಮ್ಮ. ಸ್ವಲ್ಪ ದಿನ ಮನೇಲಿರ್ಲಿ" ಎಂದರು. ಆ ಸ್ವಲ್ಪ ದಿನ ಮೂರು ವರ್ಷವಾಯಿತು. ನಡುವೆ ಅಮ್ಮ ತೀರಿಕೊಂಡಳು. ಮೂರನೇ ಮಹಡಿಯ ಆ ಎರಡು ಕೋಣೆಗಳಲ್ಲಿ ಉಳಿದವರು ನಾವಿಬ್ಬರೇ.

ನಿನಗೆ ಹೊತ್ತು ಹೋಗಲೆಂದು, ನಾನು ಕಂಪ್ಯೂಟರ್ ರಿಪೇರಿ ಮಾಡುವ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೇ ಯಂತ್ರವನ್ನು ತಂದುಕೊಟ್ಟೆ. ಒಂದು ಸಂಜೆ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನೀನು ಕರೆದೆ. "ಅಕ್ಕಾ, ಇಲ್ಲಿ ಬಾ. ಯಾರೋ ಒಳಗೆ ಬರೆದಿದಾರೆ."

ನೀನು ರಿಜಿಸ್ಟ್ರಿ ತೆರೆದು ಕುಳಿತಿದ್ದೆ. ಯಾವ ಪ್ರೋಗ್ರಾಂ ಎಲ್ಲಿದೆ, ಹೇಗೆ ನಡೆಯಬೇಕು ಎಂದು ಕಂಪ್ಯೂಟರು ತನಗಾಗಿಯೇ ಬರೆದಿಟ್ಟುಕೊಳ್ಳುವ ಪುಸ್ತಕ ಅದು. ಸಾಮಾನ್ಯರು ಯಾರೂ ಇಣುಕುವುದಿಲ್ಲ. ಅಲ್ಲಿ ನೆಟ್ಟಗಿನ ಸಾಲುಗಳ ನಡುವೆ ಒಂದಿಷ್ಟು ವಿಚಿತ್ರ ಅಕ್ಷರಗಳಿದ್ದವು. ಅರ್ಧ ಯಾವುದೋ ದೂರದೇಶದ ಲಿಪಿ, ಉಳಿದದ್ದು ಖಾಲಿ ಚೌಕಗಳು, ತಲೆಕೆಳಗಾದ ಪ್ರಶ್ನೆಚಿಹ್ನೆಗಳು. ಒಂದು ಲಿಪಿಯಲ್ಲಿ ಬರೆದದ್ದನ್ನು ಯಂತ್ರ ಇನ್ನೊಂದು ಲಿಪಿಯೆಂದು ಓದಿದರೆ ಹೀಗಾಗುತ್ತದೆ. ನಾನು ದಿನಾ ನೋಡುವಂಥದ್ದೇ.

"ಏನೂ ಇಲ್ವೋ, ಕಸ. ಅಳಿಸಿಬಿಡ್ತೀನಿ" ಎಂದೆ. ನೀನು ನನ್ನ ಮಣಿಕಟ್ಟು ಹಿಡಿದುಕೊಂಡೆ. "ಅಕ್ಷರ ಅಂದ್ಮೇಲೆ ಅರ್ಥ ಇರತ್ತೆ ಅಕ್ಕ. ಅರ್ಥ ಇಲ್ದೆ ಯಾರೂ ಬರೆಯಲ್ಲ."

ನೀನು ಮಾತ್ರೆ ಬಿಟ್ಟು ಆಗಲೇ ಒಂಬತ್ತು ದಿನವಾಗಿತ್ತು. ಅಂದಿನಿಂದ ಊಟವನ್ನೂ ಬಿಟ್ಟೆ. ಪರದೆಯ ಮುಂದಿನಿಂದ ಏಳಲಿಲ್ಲ. ನಾನು ಬೇಡಿಕೊಂಡೆ, ಬೈದೆ, ತಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ. ಮೂರನೆಯ ದಿನ ನಾನೇ ಸೋತೆ. "ತಾಳು, ಓದ್ತೀನಿ" ಎಂದು ಆ ಸಾಲಿನ ಮೇಲೆ ಬೆರಳಿಟ್ಟೆ. "ಊಟ ಮಾಡು, ಮಾತ್ರೆ ತಗೋ ಅಂತ ಬರೆದಿದೆ." ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ನನಗೇ ದಿಗಿಲಾಯಿತು. ನೀನು ಎದ್ದು ಹೋಗಿ ಉಂಡೆ. ಮಾತ್ರೆಯನ್ನೂ ನುಂಗಿದೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಆಮೇಲೆ ಸಾಲುಗಳನ್ನು ನಾನೇ ಸೇರಿಸತೊಡಗಿದೆ. ಆಫೀಸಿನಲ್ಲಿ ಕೂತೇ ಇಂಟರ್ನೆಟ್ಟಿನ ಮೂಲಕ ನಿನ್ನ ಯಂತ್ರದೊಳಗೆ ಹೋಗಿ ಅಂಥದೇ ಕಲಸುಮೇಲೋಗರದ ಅಕ್ಷರಗಳನ್ನು ತುಂಬುವೆ. ಸಂಜೆ ನೀನು ತೋರಿಸುವೆ, ನಾನು ಅರ್ಥ ಹೇಳುವೆ. ಗಡ್ಡ ತೆಗೆ. ಬಿಸಿಲಿಗೆ ಹೋಗಿ ಬಾ. ಬಟ್ಟೆ ಬದಲಿಸು. ಐದು ತಿಂಗಳು ಹಾಗೇ ನಡೆಯಿತು. ನಿನ್ನ ಕೆನ್ನೆಗಳು ತುಂಬಿಕೊಂಡವು. "ಹೇಗೆ ಒಪ್ಪಿಸಿದ್ರಿ?" ಎಂದು ಡಾಕ್ಟರು ಕೇಳಿದಾಗ "ಹೇಗೋ ಆಯ್ತು" ಎಂದೆ. ಆ ಸಾಲುಗಳಿಗಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಇದೆಯೆಂದರೆ ಅದು ಮತ್ತೊಂದು ಸುಳ್ಳಾಗುತ್ತದೆ.

ಆದರೆ ಆ ಭಾನುವಾರದ ಸಾಲು ನಿನಗಾಗಿ ಇರಲಿಲ್ಲ. ನನ್ನನ್ನು ಮದುವೆಯಾಗುತ್ತೇನೆಂದವರು ಅಂದು ತಾಯಿಯ ಜೊತೆ ಮನೆಗೆ ಬರುವವರಿದ್ದರು. ತಮ್ಮ ಬೇರೆ ಊರಲ್ಲಿದ್ದಾನೆ ಎಂದು ಅವರಿಗೆ ಹೇಳಿದ್ದೆ. ಹಿಂದಿನ ಸಂಜೆ ನೀನು ತೋರಿಸಿದ ಸಾಲಿಗೆ ನಾನು ಕೊಟ್ಟ ಅರ್ಥ: "ನಾಳೆ ಕೋಣೆ ಬಿಟ್ಟು ಹೊರಗೆ ಬರಬೇಡ. ಸದ್ದು ಮಾಡಬೇಡ."

ಅವರು ಹನ್ನೊಂದಕ್ಕೆ ಬಂದರು, ಐದು ಗಂಟೆಯವರೆಗೂ ಇದ್ದರು. ನಕ್ಕೆವು, ಹರಟಿದೆವು. "ಒಬ್ಬಳೇ ಇರೋಕೆ ಬೇಜಾರಾಗಲ್ವೇನಮ್ಮ?" ಎಂದು ಆ ತಾಯಿ ಕೇಳಿದರು. "ಅಭ್ಯಾಸ ಆಗಿದೆ" ಎಂದೆ. ಒಂದೇ ಒಂದು ಗೋಡೆಯಾಚೆ ನೀನಿದ್ದೆ. ಅವರು ಹೋದ ಮೇಲೆ ಬಾಗಿಲು ತೆಗೆದರೆ ನೀನು ಮಂಚದ ಅಂಚಿನಲ್ಲಿ ಕೂತಿದ್ದೆ. ಪ್ಯಾಂಟು ಒದ್ದೆ, ಕಾಲಡಿಯ ನೆಲವೂ ಒದ್ದೆ. ನಾನು ಹೇಳಿದ ಮಾತನ್ನು ನೀನು ಅಕ್ಷರಶಃ ಪಾಲಿಸಿದ್ದೆ.

ನಾನು ನೆಲ ಒರೆಸುತ್ತಿದ್ದಾಗ ನೀನು ನೋಟ್‌ಬುಕ್ಕು ತೆರೆದು ಮುಂದೆ ಹಿಡಿದೆ. ಪ್ರತಿಯೊಂದು ಸಾಲನ್ನೂ, ನಾನು ಹೇಳಿದ ಅರ್ಥದ ಸಮೇತ, ಗೆರೆ ಗೆರೆ ನಕಲು ಮಾಡಿಟ್ಟಿದ್ದೆ. "ಹನ್ನೊಂದನೇ ತಾರೀಖು ಇದೇ ಸಾಲಿಗೆ ಸ್ನಾನ ಮಾಡು ಅಂದಿದ್ದೆ. ಒಂದಕ್ಷರನೂ ಬೇರೆ ಇಲ್ಲ. ನಿನ್ನೆ ಹೊರಗೆ ಬರಬೇಡ ಅಂದೆ." ಅವಸರದಲ್ಲಿ ನಾನು ಹಳೇ ಸಾಲನ್ನೇ ಮತ್ತೆ ಹಾಕಿಬಿಟ್ಟಿದ್ದೆ. "ನೀನೇ ಬರೀತಿದ್ಯಾ ಅಕ್ಕ?" ನಿನ್ನ ದನಿಯಲ್ಲಿ ಕೋಪವಿರಲಿಲ್ಲ. ಅನುಮಾನದ ಪದವೊಂದರ ಕೆಳಗೆ ಬೆರಳಿಟ್ಟು ಕೇಳುವವನ ಹಾಗೆ ಕೇಳಿದೆ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. "ಇಲ್ಲ ಕಣೋ, ನಾನ್ಯಾಕೆ ಬರೀಲಿ" ಎಂದೆ.

ಬೆಳಗ್ಗೆ ನೀನಿರಲಿಲ್ಲ. ಚಪ್ಪಲಿ ಬಾಗಿಲಲ್ಲೇ ಇತ್ತು. ನಿನ್ನ ಫೋಟೋ ಕೊಟ್ಟು ಪೊಲೀಸರಿಗೆ ದೂರು ಬರೆದುಕೊಟ್ಟೆ. ಹನ್ನೆರಡನೆಯ ದಿನ ಅವರ ಫೋನು ಬಂತು. ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ಬರಿಗಾಲಲ್ಲಿ ಬಿದ್ದಿದ್ದೆಯಂತೆ. ಎಡಗಾಲಿನ ಗಾಯ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು. ನಿನ್ನವರು ಯಾರಿದ್ದಾರೆಂದು ಕೇಳಿದ್ದಕ್ಕೆ "ಯಾರೂ ಇಲ್ಲ" ಎಂದೆಯಂತೆ.

ನನ್ನನ್ನು ಮದುವೆಯಾಗಬೇಕಿದ್ದವರಿಗೂ ಎಲ್ಲವನ್ನೂ ಹೇಳಿದೆ. "ಮೊದಲೇ ಹೇಳಬಹುದಿತ್ತು" ಎಂದಷ್ಟೇ ಅಂದು ಎದ್ದು ಹೋದರು. ಅವರ ತಪ್ಪೇನೂ ಇಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹೌದು, ನಾನೇ ಬರೆದೆ. ನೀನು ಮೊದಲು ಕಂಡ ಸಾಲುಗಳನ್ನು ಮಾತ್ರ ಯಾರೂ ಬರೆದಿರಲಿಲ್ಲ. ಅವು ಯಂತ್ರದ ತಪ್ಪು ಓದು, ಅಷ್ಟೇ. ಉಳಿದ ಪ್ರತಿಯೊಂದೂ ನನ್ನದು. ನೀನು ಹಿಡಿದ ತಪ್ಪು ನಿಜವಾದ ತಪ್ಪೇ ಆಗಿತ್ತು. ಅದನ್ನು ಇಲ್ಲವೆಂದು ಹೇಳಿ, ನಿನ್ನ ಕಣ್ಣನ್ನೇ ನೀನು ನಂಬದಂತೆ ಮಾಡಿದೆ. ಇದನ್ನೆಲ್ಲ ನಿನಗೆ ಬರೆಯಬಹುದೇ ಎಂದು ಡಾಕ್ಟರನ್ನು ಕೇಳಿದೆ. "ಬರೀರಿ. ಆದ್ರೆ ಕ್ಷಮಿಸ್ತಾರೆ ಅಂತ ಕಾಯಬೇಡಿ" ಎಂದರು.

ಗುರುವಾರ ಗುರುವಾರ ನೀನಿರುವ ಆಸ್ಪತ್ರೆಯ ವಾರ್ಡಿಗೆ ಬರುತ್ತೇನೆ. "ಬೇಡ ಅಂದ್ರು" ಎಂದು ನರ್ಸಮ್ಮ ಬಂದು ಹೇಳುತ್ತಾರೆ. ಅಂಗಳದ ಬೆಂಚಿನ ಮೇಲೆ ಒಂದು ಗಂಟೆ ಕೂತು ಹೊರಡುತ್ತೇನೆ. ಕಳೆದ ವಾರ ನೀನು ಕಿಟಕಿಗೆ ಬಂದೆ. ನನ್ನನ್ನು ಗುರುತಿಸಿದೆ. ಆಮೇಲೆ ಕಿಟಕಿಯ ಬಟ್ಟೆಯನ್ನು ಎಳೆದುಬಿಟ್ಟೆ. ಯಾರೂ ನಿನಗೆ ಹಾಗೆ ಮಾಡೆಂದು ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅದನ್ನೇ ನೆನೆದುಕೊಂಡು ಹೋದೆ.

ನಿನ್ನ ಗಾಯ ಮಾಯಲಿ. ಕಣ್ತುಂಬ ನಿದ್ದೆ ಬರಲಿ. ನನ್ನನ್ನು ನೋಡಬೇಕೆನಿಸುವ ದಿನ ಬಾರದೆ ಹೋದರೂ, ನಿನಗೆ ಒಳ್ಳೆಯ ದಿನಗಳು ಬರಲಿ.

ನಿನ್ನ ಅಕ್ಕ