ಆಕ್ಸಲ್ ಮುರಿದದ್ದು ಯಾರು?

ಆನೇಮಹಲ್
24 ನವೆಂಬರ್ 2025, ಸೋಮವಾರ

ಮುದ್ದಿನ ತಮ್ಮ ಆಸಿಮ್‌ಗೆ, ನಿನ್ನ ಆಪಾಳ ಸಲಾಂ.

ಆಗಸ್ಟ್ ಹದಿನೇಳರ ಭಾನುವಾರ ಜೀಪ್ ಚಾಲಕರ ಸಂಘದವರು ಸ್ಟ್ಯಾಂಡಿನ ಹಲಗೆಯ ಮೇಲೆ ಹೀಗೆ ಬರೆದರು: "ಅಜಾಗರೂಕ ಚಾಲನೆಯಿಂದ ಮುಂದಿನ ಆಕ್ಸಲ್ ಮುರಿದ ಆಸಿಮ್‌ನನ್ನು ಪಾಳಿಯಿಂದ ತೆಗೆಯಲಾಗಿದೆ." ನಿನ್ನನ್ನು ಒಂದು ಮಾತು ಕೇಳಲಿಲ್ಲ. ಮುರಿದದ್ದನ್ನು ಯಾರೂ ಬಿಚ್ಚಿ ನೋಡಲಿಲ್ಲ. ಇವತ್ತಿಗೆ ತೊಂಬತ್ತೊಂಬತ್ತು ದಿನ. ಬೇರೆಯವರು ಮರೆತಿರಬಹುದು, ನಾನು ಮರೆತಿಲ್ಲ.

ನೀನು ಹೇಗಿದ್ದೀಯ? ಮಂಗಳೂರಿನ ಬಂದರಿನಲ್ಲಿ ದಿನವಿಡೀ ಐಸ್ ಗಾಡಿ ಓಡಿಸಿ ಬೆರಳು ಮರಗಟ್ಟುತ್ತವೆ ಎಂದು ಮಾಮು ಹೇಳಿದರು. ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಮೀನು ತಿಂದು ಬೇಸರವಾಗಿದೆ ಎಂದೂ ಹೇಳಿದರು. ಅದನ್ನು ಮಾತ್ರ ನಾನು ನಂಬುವುದಿಲ್ಲ. ಫೋನ್ ಮಾಡಿದರೆ ಹೂಂ, ಹೂಂ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದಕ್ಕೆ ನೀನು ಹೂಂ ಎನ್ನಲಾರೆ. ಅಬ್ಬಾ ಚೆನ್ನಾಗಿದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ಏನು ಮಾಡಿದರೆಂದು ಮುಂದೆ ಹೇಳುತ್ತೇನೆ.

ನಿನ್ನ ಪಿಕಪ್ಪಿನ ಮುರಿದ ಭಾಗವನ್ನು ಗೋಣಿಚೀಲದಲ್ಲಿ ಕಟ್ಟಿ ನಾನೇ ಪಾಳ್ಯಕ್ಕೆ ಒಯ್ದೆ, ಮೆಕ್ಯಾನಿಕ್ ಮಹಾದೇವಯ್ಯನವರ ಶೆಡ್ಡಿಗೆ. ದಿನಾ ನನ್ನನ್ನು ಲೈಬ್ರರಿ ಕೆಲಸಕ್ಕೆ ಇಳಿಸುವ ಬಸ್ಸಿನ ಕಂಡಕ್ಟರ್ "ಏನ್ರೀ ಮೇಡಂ, ಲೈಬ್ರರಿ ಪುಸ್ತ್ಕ ಇಷ್ಟು ಭಾರ ಐತಾ?" ಎಂದು ನಕ್ಕ. ಮಹಾದೇವಯ್ಯ ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಚಾಚಿಸಿದರು. "ಕೈ ನೆಟ್ಟಗಿದ್ರೆ ಮೂಟೆ ಎತ್ಬೌದು ಕಣವ್ವ. ತಿರುಚ್ಕೊಂಡು ಎತ್ತು ನೋಡಾನ, ಮೂಳೆ ಏನಾಗ್ತದೆ ಅಂತ." ಗಾಡಿಯನ್ನು ಎತ್ತರಿಸಿದಷ್ಟೂ ಮುಂದಿನ ಚಕ್ರ ತಿರುಗಿಸುವ ಆಕ್ಸಲ್ ಕೋಲು ಇಳಿಜಾರಾಗಿ ನಿಲ್ಲುತ್ತದೆ, ಅದರ ಕೀಲು ಸದಾ ಮಡಚಿಕೊಂಡೇ ದುಡಿಯುತ್ತದೆ. ಕೀಲಿಗೆ ತೊಡಿಸಿದ ರಬ್ಬರ್ ಬೂಟು ಆ ಮಡಿಕೆಯಲ್ಲಿ ಉಜ್ಜಿ ಹರಿಯುತ್ತದೆ, ಗ್ರೀಸ್ ಹೊರಗೆ ಹೋಗಿ ಕೆಸರು ಒಳಗೆ ಬರುತ್ತದೆ. ನಿನ್ನ ಕೀಲಿನಲ್ಲಿ ಅವರು ಒಂದು ಚಮಚ ಗ್ರೀಸನ್ನೂ ಕಾಣಲಿಲ್ಲ. ಇದ್ದದ್ದೆಲ್ಲ ಹೆತ್ತೂರಿನ ಕೆಮ್ಮಣ್ಣು.

ಹಾಗಾದರೆ ಗಾಡಿಯನ್ನು ಎತ್ತರಿಸು ಎಂದವರು ಯಾರು? ಯುಗಾದಿಯೊಳಗೆ ಎಲ್ಲ ಗಾಡಿಗಳೂ ನಾಲ್ಕು ಇಂಚು ಎತ್ತರಿಸಿ ದೊಡ್ಡ ಟೈರು ಹಾಕಿಸದಿದ್ದರೆ ಪಾಳಿ ಇಲ್ಲ ಎಂದು ಇದೇ ಸಂಘ ತೀರ್ಮಾನಿಸಿತ್ತು. ಎತ್ತರದ ಗಾಡಿ ಎಂದರೆ ಹೆತ್ತೂರಿನ ಗುಡ್ಡ ನೋಡಲು ಬರುವ ಪ್ರವಾಸಿಗರಿಗೆ ಇಷ್ಟ, ಅಷ್ಟೇ ಕಾರಣ. ಅಬ್ಬಾ ಸಭೆಯಲ್ಲಿ ಎದ್ದು "ಎರಡು ಇಂಚು ಸಾಕು, ಅದೂ ಒಳಗಿನ ಗೇರ್ ಪೆಟ್ಟಿಗೆಯನ್ನು ಅಷ್ಟೇ ಕೆಳಗಿಳಿಸಿ ಕೋಲನ್ನು ನೆಟ್ಟಗೆ ಮಾಡಿ" ಎಂದಿದ್ದರು. ಅಧ್ಯಕ್ಷ ಮಂಜುನಾಥ್ ಅದಕ್ಕೆ "ಸಾಬ್ರೇ, ನಿಮ್ದು ಎತ್ತಿನ ಗಾಡಿ ಕಾಲ" ಎಂದು ಎಲ್ಲರನ್ನೂ ನಗಿಸಿದರು. ಇದು ಹೊಸದೇನಲ್ಲ. 2011ರಲ್ಲಿ ಬ್ರೇಕ್ ಹಿಡಿಯದೆ ಲಕ್ಕಪ್ಪನ ಜೀಪು ಚರಂಡಿಗೆ ಇಳಿದಾಗಲೂ ಕುಡಿದಿದ್ದ ಎಂದು ಬರೆದಿದ್ದರು. ಬ್ರೇಕ್ ಎಣ್ಣೆಯ ಪೈಪೇ ಒಡೆದಿತ್ತು ಎಂದು ತಿಳಿದ ಮೇಲೆ ಹಲಗೆ ಒರೆಸಿದರೇ ಹೊರತು ತಪ್ಪಾಯಿತು ಎನ್ನಲಿಲ್ಲ. ಲಕ್ಕಪ್ಪ ಮತ್ತೆ ಸ್ಟೀರಿಂಗ್ ಹಿಡಿಯಲೇ ಇಲ್ಲ. ನೀನೂ ಹಾಗಾಗಬಾರದೆಂದೇ ನಾನು ಇಷ್ಟು ಓಡಾಡುತ್ತಿರುವುದು.

ಇನ್ನು ನಿನ್ನ ಆಕ್ಸಲ್ ಮುರಿದ ಆ ತಿರುವು. ಗುಡ್ಡದ ಮೂರನೆಯ ಹೇರ್‌ಪಿನ್ನನ್ನು ಹಿಂದೆ ಸರಿಯದೆ ಒಂದೇ ಕಟ್ಟಿನಲ್ಲಿ ತಿರುಗಿಸಿದವನೇ ಗಂಡು, ಎರಡು ಕಟ್ ಹೊಡೆದವನು ಮೇಲೆ ಹೋಗಿ ಎಲ್ಲರಿಗೂ ಟೀ ಕೊಡಿಸಬೇಕು. ನಿಮ್ಮ ಸ್ಟ್ಯಾಂಡಿನ ಈ ಪದ್ಧತಿ ನನಗೂ ಗೊತ್ತು. ಸ್ಟೀರಿಂಗ್ ಕೊನೆಯವರೆಗೂ ತಿರುಗಿಸಿ, ಚಕ್ರ ಬಂಡೆಗೆ ಕಚ್ಚಿದಾಗ ರೇಸ್ ಕೊಡುವುದು! ಮೊದಲೇ ಮಡಚಿದ ಕೀಲಿಗೆ ಅದಕ್ಕಿಂತ ಕೇಡು ಬೇರೆ ಇಲ್ಲವಂತೆ. "ಮೊದ್ಲು ಚಕ್ರ ನೆಟ್ಟಗೆ ಮಾಡು, ಆಮೇಲೆ ರೇಸ್ ಕೊಡು. ಟೈರಿನ ಗಾಳಿ ಒಸಿ ಇಳ್ಸು, ಲೋ ಗೇರಲ್ಲಿ ಹತ್ತು. ದಿನಾ ಗಾಡಿ ಕೆಳಗೆ ಬಗ್ಗಿ ಬೂಟು ನೋಡು. ಇಷ್ಟೇ ಕಣವ್ವ ಇದ್ಯೆ," ಎಂದರು ಮಹಾದೇವಯ್ಯ.

ಅವರೇ ಪಿಕಪ್ಪನ್ನು ರಿಪೇರಿ ಮಾಡಿ ಎರಡು ಇಂಚು ಇಳಿಸಿಕೊಟ್ಟರು. ಗೇರ್ ಪೆಟ್ಟಿಗೆಯನ್ನೂ ಅಬ್ಬಾ ಹೇಳಿದ ಹಾಗೆಯೇ ತಗ್ಗಿಸಿದರು. ನಿನ್ನೆ ಭಾನುವಾರ ನಮ್ಮ ಎಪ್ಪತ್ತೊಂದು ವರ್ಷದ ಅಬ್ಬಾ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆತ್ತೂರಿನ ಗುಡ್ಡ ಹತ್ತಿದರು. ಹಿಂದಿನ ರಾತ್ರಿ ಮಳೆ ಬಿದ್ದು ದಾರಿ ಬೆಣ್ಣೆಯಂತಿತ್ತು. ಮೂರನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಕೋಲೂರಿಕೊಂಡು ದಾರಿ ನೋಡಿ ಬಂದರು. ನಿಧಾನಕ್ಕೆ ಮುಂದೆ ಹೋಗಿ, ಹಿಂದೆ ಸರಿದು, ಚಕ್ರ ನೆಟ್ಟಗಾದ ಮೇಲಷ್ಟೇ ಹತ್ತಿಸಿದರು. ಮೇಲೆ ನಿಂತಿದ್ದ ಡ್ರೈವರುಗಳೆಲ್ಲ ಸಿಳ್ಳೆ ಹೊಡೆದರು. "ಸತ್ತಾರ್ ಸಾಬ್ರೇ, ಎರಡು ಕಟ್ ಆಯ್ತು, ಟೀ ಕೊಡಿಸ್ಬೇಕು!" ಅಬ್ಬಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಕುಡೀರೋ ಮಾರಾಯ್ರಾ! ಆಕ್ಸಲ್‌ಗಿಂತ ಟೀ ಅಗ್ಗ!"

ಎಲ್ಲರೂ ನಕ್ಕರು, ಆದರೆ ಟೀ ಮುಗಿಯುವ ಮೊದಲೇ ಒಬ್ಬ ಎದ್ದು ಹೋಗಿ ತನ್ನ ಗಾಡಿಯ ಕೆಳಗೆ ಬಗ್ಗಿ ನೋಡಿದ. ಅವನ ಹಿಂದೆ ಇನ್ನೊಬ್ಬ. ನಾನು ಪುಸ್ತಕ ಹಿಡಿದು ಎಲ್ಲ ಗಾಡಿಗಳನ್ನೂ ಬರೆದುಕೊಂಡೆ. ನಿಂತಿದ್ದ ಹನ್ನೊಂದರಲ್ಲಿ ಏಳು ಗಾಡಿಗಳ ಬೂಟು ಹರಿದಿದೆ. ಏಳೂ ಜನ ಅಜಾಗರೂಕರೇ? ಒಂಬತ್ತು ಜನ ಚಾಲಕರು ನನ್ನ ಅರ್ಜಿಗೆ ಸಹಿ ಹಾಕಿದ್ದಾರೆ. ನಿನ್ನನ್ನು ಮರಳಿ ಪಾಳಿಗೆ ಸೇರಿಸಬೇಕು, ಎತ್ತರದ ತೀರ್ಮಾನ ಹಿಂತೆಗೆಯಬೇಕು ಎಂದು ಅದರಲ್ಲಿ ಬರೆದಿದ್ದೇನೆ. ನನಗೆ ಈಗ ಭರವಸೆ ಬಂದಿದೆ, ಆಸಿಮ್. ನಿನಗೂ ಬರಲಿ.

ಮಾಮು, ಮಾಮಿಗೆ ನಮ್ಮ ಸಲಾಂ ಹೇಳು. ಅಬ್ಬಾ ದಿನವೂ ನಿನಗಾಗಿ ದುಆ ಮಾಡುತ್ತಾರೆ. ಅಲ್ಲಾಹು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಆಪಾ,
ಅಂಜುಮ್

ಮರೆತಿದ್ದೆ: ಸಂಘದ ಮಹಾಸಭೆ ಡಿಸೆಂಬರ್ ಏಳು, ಭಾನುವಾರ, ಹತ್ತೂವರೆಗೆ. ನೀನು ಬರಲೇಬೇಕು. ಇಂಥ ಕೀಲು ಮುರಿಯುವ ಮೊದಲು ತಿರುವಿನಲ್ಲಿ ಕಟಕಟ ಎನ್ನುತ್ತದಂತೆ, ಎರಡು ಮೂರು ದಿನ ಮುಂಚಿನಿಂದಲೇ. ನಿನಗೆ ಕೇಳಿಸಿತ್ತೇ? ಕೇಳಿಸಿಯೂ ರಜೆಗೆ ಬಂದ ಜನರನ್ನು ಹತ್ತಿಸಿಕೊಂಡು ಒಂದೇ ಕಟ್ಟಿಗೆ ಹೋಗಿದ್ದರೆ ಅದನ್ನು ಎಲ್ಲರ ಮುಂದೆ ಒಪ್ಪಿಕೋ. ಅಂದು ನಿನ್ನ ಗಾಡಿಯಲ್ಲಿದ್ದು ಕೈ ಉಳುಕಿಸಿಕೊಂಡ ಆ ಪ್ರವಾಸಿ ಹೆಂಗಸಿಗೆ ಅಷ್ಟಾದರೂ ನಾವು ಸಲ್ಲಿಸಬೇಕು. ನಿನ್ನ ಪಾಲಿನ ತಪ್ಪನ್ನು ನೀನು ಹೇಳಿ ಕುಳಿತ ಮೇಲೆ ನಾನು ಎದ್ದು ನಿಂತು ಸಂಘದವರನ್ನು ಕೇಳುತ್ತೇನೆ: ನಾಲ್ಕು ಇಂಚು ಎಂದು ಹೇಳುವ ಮೊದಲು ನೀವು ಯಾವ ಮೆಕ್ಯಾನಿಕ್ಕನ್ನು ಕೇಳಿದಿರಿ? ಮುರಿದ ಆಕ್ಸಲನ್ನು ನೋಡದೆ ಒಬ್ಬನ ಹೆಸರು ಯಾಕೆ ಕೆಡಿಸಿದಿರಿ? ಅಧ್ಯಕ್ಷರು ಕಿವಿಯಲ್ಲಿ ಹೇಳುವುದು ಬೇಡ, ಎದ್ದು ನಿಂತು ಸಭೆಯೆದುರು ಉತ್ತರ ಕೊಡಲಿ.