ಕೆರೆ ಕಾಣದ ಕಿಟಕಿ

೧೪ ಮಾರ್ಚ್, ಭಾನುವಾರ ಬೆಳಿಗ್ಗೆ

ನನ್ನ ಲೆಕ್ಕದಮ್ಮನಿಗೆ, ದೂರದಿಂದಲೇ ತಲೆ ನೇವರಿಸಿ ಅಮ್ಮ ಮಾಡುವ ಆಶೀರ್ವಾದ. ಅದರಲ್ಲಿ ಅಳಿಯಂದಿರಿಗೂ ಪಾಲು ಕೊಡು.

ನಿನ್ನ ಕಾಗದ ಶುಕ್ರವಾರ ಕೈಸೇರಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಕೆಳಗಿನ ಲಾಂಡ್ರಿಯ ಯಜಮಾನಿ ಅದನ್ನು ಇಸ್ತ್ರಿಯಾದ ಬಟ್ಟೆಗಳ ಮೇಲೆ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಗಳ ಕಾಗದ ಬಂದ ದಿನ ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತೇನೆ ಎಂದು ಅವಳಿಗೆ ಗೊತ್ತು. ಫೋನಿನಲ್ಲಿ ಕ್ಷೇಮ, ಕಾಗದದಲ್ಲಿ ವಿಷಯ ಎಂದು ನಾನು ಮಾಡಿದ ಮನೆಯ ಕಾನೂನನ್ನು ಮದುವೆಯಾದ ಮೇಲೂ ಪಾಲಿಸುತ್ತಿದ್ದೀಯ. ಅದಕ್ಕೆ ಮೊದಲು ಒಂದು ಶಹಭಾಸ್.

ಪಟ್ಟಿಯನ್ನು ನೋಡಿದೆ. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ ನನ್ನನ್ನು ಮತ್ತೆ ಕರೆಯುತ್ತಿರುವ ಹಳೆಯ ಇನ್‌ಸ್ಟಿಟ್ಯೂಟು, ಬಲಕ್ಕೆ ಈಗಿನ ಶಾಲೆ ಎಂದು ಬರೆದಿದ್ದೀಯ. ವಿಮಾ ಕಚೇರಿಯಲ್ಲಿ ಕೂತು ಊರವರ ಆಯುಷ್ಯಕ್ಕೆಲ್ಲ ಬೆಲೆ ಕಟ್ಟುವವಳು, ಈಗ ಅಮ್ಮನ ಆಯುಷ್ಯಕ್ಕೂ ಕಟ್ಟಿದ್ದೀಯ. ಎಡಗಡೆ: ಸಂಬಳ ಎರಡರಷ್ಟು, ಎರಡೇ ವರ್ಷ, ಊಟ ಅವರದೇ, ಜೊತೆಗೆ ನಾಲ್ಕು ಜನ ಟೀಚರುಗಳು, ಕಿಟಕಿಯಿಂದ ಕೆರೆ ಕಾಣುತ್ತದೆ. ಬಲಗಡೆ: ಸಂಬಳ ಅರ್ಧ, ಮೂರು ವರ್ಷ, ಲಾಂಡ್ರಿಯ ಮೇಲೆ ಎರಡು ಕೋಣೆ, ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಎಲ್ಲದರ ಕೆಳಗೆ ಎರಡು ಅಡ್ಡಗೆರೆ ಹಾಕಿ, ‘ಅಪ್ಪನ ಪಾಡೇನು?’ ಎಂದು ಕೇಳಿದ್ದೀಯ. ಅಕ್ಷರ ಮುತ್ತಿನ ಹಾಗಿದೆ. ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದೇನೆ. ಉಳಿದ ಎರಡು ಹೋದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದನ್ನು ಹೇಳುವುದಕ್ಕೇ ಇವತ್ತು ಬೆಳಿಗ್ಗೆಯೇ ಕಾಗದ ಹಿಡಿದು ಕೂತಿದ್ದೇನೆ.

ಅದಕ್ಕೆ ಮುಂಚೆ ಒಂದಿಷ್ಟು ಜಂಭ ಕೊಚ್ಚಿಕೊಳ್ಳುತ್ತೇನೆ, ತಡೆಯಬೇಡ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಇಪ್ಪತ್ತಾರು ವರ್ಷ ಪಾಠ ಹೇಳಿದ ಶಾಲೆ ಮಕ್ಕಳಿಲ್ಲವೆಂದು ಬಾಗಿಲು ಹಾಕಿದಾಗ, ಪಿಂಚಣಿಯೂ ಇಲ್ಲದ ಈ ಟೀಚರಮ್ಮ ಇನ್ನೇನು ಮಾಡಿಯಾಳು ಎಂದು ಎಲ್ಲರೂ ಅಂದುಕೊಂಡಿದ್ದರು. ಕನ್ನಡ ಶಾಲೆಯ ಇಂಗ್ಲಿಷ್ ಟೀಚರ್ ಕಡಲಾಚೆ ಹೋಗಿ ಇಂಗ್ಲಿಷ್ ಕಲಿಸುತ್ತಾಳಂತೆ ಎಂದು ನಕ್ಕವರೂ ಇದ್ದರು. ಅವರಿಗೆಲ್ಲ ನೀನು ಈ ಸುದ್ದಿಯನ್ನು ಧಾರಾಳವಾಗಿ ಹಂಚಬಹುದು. ಹೋದ ತಿಂಗಳ ಒಂದು ಶನಿವಾರ ಇನ್‌ಸ್ಟಿಟ್ಯೂಟಿನ ಮ್ಯಾನೇಜರು ತಾವೇ ಎರಡು ಗಂಟೆ ಬಸ್ಸಿನಲ್ಲಿ ಬಂದು ನನ್ನ ಕೋಣೆಯ ಒಂದೇ ಒಂದು ಕುರ್ಚಿಯಲ್ಲಿ ಕೂತಿದ್ದರು. ನಾನು ಬಿಟ್ಟ ಮೇಲೆ ಅವರ ಪರೀಕ್ಷೆಯಲ್ಲಿ ಪಾಸಾಗುವವರು ಕಡಿಮೆಯಾಗಿದ್ದಾರಂತೆ. ಹಳೆಯ ವಿದ್ಯಾರ್ಥಿಗಳು ಬಂದು ಆ ಸೀರೆಯ ಮೇಡಂ ಎಲ್ಲಿ ಎಂದು ವಿಚಾರಿಸುತ್ತಾರಂತೆ. ಚಹಾ ಮಾಡಿಕೊಟ್ಟೆ. ಅವರು ಸಂಬಳದ ಮೊತ್ತ ಹೇಳುತ್ತಿದ್ದಾಗ ನಾನು ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆಗೆ ಸರಿಸಿದೆ. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಚೆನ್ನಾಗಿ ಬೀಗಿದೆ.

ಈಗ ಎಡಗಡೆಯ ಕೊನೆಯ ಸಾಲಿಗೆ ಬರುತ್ತೇನೆ. ಕಿಟಕಿಯಿಂದ ಕೆರೆ ಕಾಣುತ್ತದೆ.

ಇಲ್ಲ, ಮಗಳೇ, ಕಾಣುತ್ತಿರಲಿಲ್ಲ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಐದು ಮಂಚ, ಐದು ಬೀರು, ಒಂದು ಟ್ಯೂಬ್‌ಲೈಟು, ಅಷ್ಟೆ. ನನ್ನ ಮಂಚದ ಪಕ್ಕದ ಗೋಡೆಯಲ್ಲಿ ಯಾರೋ ಬಿಟ್ಟುಹೋದ ಕ್ಯಾಲೆಂಡರು ಇತ್ತು. ನಾನು ನಿನಗೆ ಬರೆದ ಕೆರೆ, ಅದರ ದಂಡೆಯ ಕಲ್ಲುಬೆಂಚು, ಎರಡು ಬಾತುಕೋಳಿ, ಎಲ್ಲವೂ ಆ ಕ್ಯಾಲೆಂಡರಿನವು. ತಿಂಗಳು ಬದಲಾದಾಗ ಗುಡ್ಡ ಬಂತು. ಅದನ್ನೂ ಬರೆದೆ. ನೀನು ಅವೆಲ್ಲವನ್ನೂ ನಂಬಿ, ಜೋಪಾನವಾಗಿ ಇಟ್ಟುಕೊಂಡು, ಈಗ ಪಟ್ಟಿಯಲ್ಲಿ ನನ್ನ ಮುಂದೆಯೇ ಸಾಕ್ಷಿ ನಿಲ್ಲಿಸಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಜೊತೆಗಿದ್ದ ನಾಲ್ವರು ಟೀಚರುಗಳೂ ಒಳ್ಳೆಯವರೇ. ಆದರೆ ಒಬ್ಬಳು ಎದ್ದಾಗ ಇನ್ನೊಬ್ಬಳು ಮಲಗುತ್ತಿದ್ದಳು. ನಾವು ಐವರೂ ಒಟ್ಟಿಗೆ ಕೂತು ಮಾತಾಡಿದ್ದು ನೆನಪಿಲ್ಲ. ಪಾಠ ಇಪ್ಪತ್ತೈದು ನಿಮಿಷದ್ದು. ಗಾಜಿನ ಗೋಡೆಯ ಕೋಣೆ, ಹೊರಗೆ ಓಡಾಡುವ ಸೂಪರ್‌ವೈಸರು. ಗಂಟೆ ಹೊಡೆದರೆ ಒಬ್ಬರು ಏಳಬೇಕು, ಇನ್ನೊಬ್ಬರು ಕೂರಬೇಕು. ದಿನಕ್ಕೆ ಹದಿನಾರು ಮುಖ. ನಿನ್ನೆ ಕಂಡ ಮುಖ ಇವತ್ತು ಬರುವುದಿಲ್ಲ, ಬಂದರೆ ಬೇರೆ ಕೋಣೆಗೆ ಹೋಗುತ್ತದೆ. ಇನ್ನೊಂದು ನಿಯಮವಿತ್ತು. ಒಂದು ಪಾಠದಲ್ಲಿ ಆರು ಸಲ ‘ಎಕ್ಸಲೆಂಟ್’ ಎನ್ನಬೇಕು. ಸೂಪರ್‌ವೈಸರು ಹೊರಗೆ ನಿಂತು ಎಣಿಸುತ್ತಿದ್ದರು. ಕಡಿಮೆಯಾದರೆ ತಿಂಗಳ ಕೊನೆಗೆ ಕರೆದು ಬುದ್ಧಿ ಹೇಳುತ್ತಿದ್ದರು. ನನ್ನ ಬಾಯಲ್ಲಿ ‘ಪರವಾಗಿಲ್ಲ’ ಬಂದರೆ ಅದೇ ಬಂಗಾರದ ಪದಕ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಥವಳು ದಿನಕ್ಕೆ ತೊಂಬತ್ತಾರು ಸಲ ಎಕ್ಸಲೆಂಟ್ ಎಂದೆ. ಬಾಯಿ ತೆರೆಯದವರಿಗೂ ಎಂದೆ. ಆ ಮಾತು ಬರಬರುತ್ತಾ ನನ್ನ ಬಾಯಲ್ಲಿ ಸಪ್ಪಗಾಯಿತು.

ಅಲ್ಲಿ ಒಂಬತ್ತನೆಯ ತಿಂಗಳಲ್ಲಿ ನಾನು ಮೂರು ವಾರ ಫೋನು ಮಾಡಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ, ಮೆಸೇಜು ಸಾಕು ಎಂದೆನಲ್ಲ, ನೆನಪಿದೆಯೇ? ನೆಟ್‌ವರ್ಕ್ ಸರಿಯಾಗಿಯೇ ಇತ್ತು. ನನ್ನ ಗಂಟಲು ಹೋಗಿತ್ತು. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಡಾಕ್ಟರು ಸುಮ್ಮನಿರಿ ಎಂದರು. ಮ್ಯಾನೇಜರು, ಮೊನ್ನೆ ನನ್ನ ಬಿಸ್ಕತ್ತು ತಿಂದ ಇದೇ ಮನುಷ್ಯ, “ನಿಮ್ಮ ಜಾಗಕ್ಕೆ ಬರೋಕೆ ನೂರು ಜನ ಕಾಯ್ತಾ ಇದಾರೆ” ಎಂದರು. ನನಗೆ ತಿರುಗಿ ಉತ್ತರ ಕೊಡುವುದಕ್ಕೂ ಧ್ವನಿ ಇರಲಿಲ್ಲ. ಮಂಚದಲ್ಲಿ ಮಲಗಿ ಆ ಕ್ಯಾಲೆಂಡರಿನ ಕೆರೆ ನೋಡುತ್ತಾ, ಹೆಚ್ಚು ಸಂಬಳ ಕೊಟ್ಟು ಇವರು ಕೊಳ್ಳುತ್ತಿರುವುದು ಏನನ್ನು ಎಂದು ಆವತ್ತು ಮೊದಲ ಸಲ ಕೇಳಿಕೊಂಡೆ. ವರ್ಷದ ಒಪ್ಪಂದ ಮುಗಿದ ದಿನವೇ ಹೊರಟೆ. ನಿನಗೆ ಮಾತ್ರ ಹೊಸ ಅನುಭವಕ್ಕಾಗಿ ಊರು ಬದಲಿಸುತ್ತಿದ್ದೇನೆ ಎಂದು ಬರೆದೆ. ಈ ಸುಳ್ಳುಗಳಿಗೆಲ್ಲ ಕ್ಷಮೆ ಕೇಳುತ್ತೇನೆ. ನಿನ್ನ ಮುಂದೆ ಸೋತವಳ ಹಾಗೆ ಕಾಣಬಾರದು ಎಂಬ ಹಟ, ಬೇರೇನಿಲ್ಲ.

ಈಗ ಬಲಗಡೆ ನೋಡೋಣ. ಸಂಬಳ ಅರ್ಧ, ನಿಜ. ಬಸ್ ನಿಲ್ದಾಣವೂ ನಿಜ. ಈಗಲೂ ಕಾಣುತ್ತಿದೆ: ಒಂದು ಶೀಟಿನ ಮಾಡು, ಕಬ್ಬಿಣದ ಬೆಂಚು, ಗಂಟೆಗೆ ಮೂರು ಬಸ್ಸು. ಇಲ್ಲಿನ ಡ್ರೈವರುಗಳು ಬ್ರೇಕನ್ನು ಒದ್ದು ನಿಲ್ಲಿಸುತ್ತಾರೆ. ಮೂವತ್ತು ವರ್ಷ ಬಸ್ಸು ಓಡಿಸಿ ಒಬ್ಬರ ಕೈಯಲ್ಲೂ ಬೈಸಿಕೊಳ್ಳದ ನಿಮ್ಮಪ್ಪ ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ. ನೀನು ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು ಇಷ್ಟಿದೆ. ನಾನು ಮೂರೂವರೆಗೆ ಮನೆಯಲ್ಲಿರುತ್ತೇನೆ. ಲಾಂಡ್ರಿಯ ಬಿಸಿಗೆ ಚಳಿಗಾಲದಲ್ಲೂ ನನ್ನ ನೆಲ ಬೆಚ್ಚಗಿರುತ್ತದೆ. ಊಟವನ್ನು ಕೂತು ಉಣ್ಣುತ್ತೇನೆ. ಮತ್ತು ನನಗೆ ಇಪ್ಪತ್ತೆಂಟು ಮಕ್ಕಳಿದ್ದಾರೆ, ದಿನವೂ ಅವೇ ಇಪ್ಪತ್ತೆಂಟು.

ಹತ್ತು, ಹನ್ನೊಂದು ವರ್ಷದವು. ಅಪ್ಪ ಅಮ್ಮಂದಿರು ಗುಂಡಿ ತಯಾರಿಸುವ ಫ್ಯಾಕ್ಟರಿಯಲ್ಲಿದ್ದಾರೆ. ನಾನು ಬಂದಾಗ ಅವರ ಇಂಗ್ಲಿಷ್ ಅಕ್ಷರಗಳು ಹಾಳೆಯ ಮೇಲೆ ಬಿದ್ದು ಹೊರಳಾಡುತ್ತಿದ್ದವು. ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಡೋಣವೆಂದರೆ ಈ ಊರಿನ ಯಾವ ಅಂಗಡಿಯಲ್ಲೂ ಅಂಥದ್ದು ಸಿಗಲಿಲ್ಲ. ನಿನಗೆ ಬೆರಳು ನೋಯುವ ತನಕ ಬರೆಸಿದ್ದೆನಲ್ಲ, ಅದೇ, ಮೇಲೆ ಕೆಳಗೆ ಕೆಂಪು ಗೆರೆ, ನಡುವೆ ಎರಡು ನೀಲಿ. ಸರಿ, ಬಿಳಿ ಹಾಳೆ ತಂದೆ. ಪ್ರತಿ ಭಾನುವಾರ ಇದೇ ಮೇಜಿನ ಮೇಲೆ ಸ್ಕೇಲಿಟ್ಟು ಇಪ್ಪತ್ತೆಂಟು ಹಾಳೆಗೆ ಗೆರೆ ಎಳೆಯುತ್ತೇನೆ. ಹೆಡ್‌ಮಿಸ್ಟ್ರೆಸ್ ಮೊದಲು ವಿಚಿತ್ರವಾಗಿ ನೋಡಿದರು. ಮೂರು ತಿಂಗಳ ಮೇಲೆ ಮಕ್ಕಳ ಹಾಳೆಗಳನ್ನು ತರಿಸಿ, ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಒಂದೊಂದನ್ನೇ ಹೋಲಿಸಿ ನೋಡಿದರು. ಆಮೇಲೆ ಮೂರು ವರ್ಷದ ಒಪ್ಪಂದದ ಮಾತೆತ್ತಿದರು.

ಆ ಇಪ್ಪತ್ತೆಂಟರಲ್ಲಿ ಒಬ್ಬಳು ನನ್ನ ಗುಬ್ಬಿ. ಹೆಸರು ನಾನಿಟ್ಟದ್ದು. ನಾಲ್ಕು ತಿಂಗಳು ಒಂದಕ್ಷರ ಮಾತಾಡಲಿಲ್ಲ. ಕಾಪಿ ಮಾತ್ರ ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ನಾನು ಒತ್ತಾಯಿಸಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಾಗಿದ್ದರೆ ಇಪ್ಪತ್ತೈದು ನಿಮಿಷಕ್ಕೆ ಅವಳಿಗೂ ಆರು ಎಕ್ಸಲೆಂಟ್ ಕೊಟ್ಟು ಕಳಿಸಿರುತ್ತಿದ್ದೆ. ಒಂದು ಭಾನುವಾರ ಅವಳು ಅಮ್ಮನ ಜೊತೆ ಲಾಂಡ್ರಿಗೆ ಬಂದವಳು ಮೆಟ್ಟಿಲು ಹತ್ತಿ ನನ್ನ ಬಾಗಿಲಲ್ಲಿ ನಿಂತಳು. ನಾನು ಗೆರೆ ಎಳೆಯುತ್ತಿದ್ದೆ. ಸೊಂಟದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: “ಟೀಚರ್, ಇವತ್ತು ಭಾನುವಾರ. ಸ್ಕೇಲು ಕೆಳಗಿಡಿ. ಹೊರಗೆ ಬನ್ನಿ.”

ನಾಲ್ಕು ತಿಂಗಳು ಕಾದು ನಾನು ಕೇಳಿದ ಮೊದಲ ಮಾತು ಬೈಗುಳ. ಸ್ಕೇಲು ಕೆಳಗಿಟ್ಟೆ. ಅವಳ ಕೈ ಹಿಡಿದು ಸೇತುವೆಯವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವಳು ಮಾತಾಡಿದಳು, ನಾನು ಕೇಳಿದೆ. ಅಂದಿನಿಂದ ಹಾಳೆಯ ಕೆಲಸ ಹನ್ನೊಂದಕ್ಕೆ ಮುಗಿಯಬೇಕು. ಹನ್ನೊಂದಕ್ಕೆ ಕರೆದುಕೊಂಡು ಹೋಗಲು ಅವಳು ಬರುತ್ತಾಳೆ. ನನ್ನ ಇಪ್ಪತ್ತೆಂಟು ವರ್ಷದ ಮೇಷ್ಟರಗಿರಿಯಲ್ಲಿ, ಆ ಹುಡುಗಿಯ ಮೂರು ವಾಕ್ಯಕ್ಕೆ ಹಿಗ್ಗಿದಷ್ಟು ಯಾವುದಕ್ಕೂ ಹಿಗ್ಗಿಲ್ಲ. ನೀನು ಮೊದಲ ಸಲ ನಡೆದ ದಿನವನ್ನು ಬಿಟ್ಟು ಹೇಳುತ್ತಿದ್ದೇನೆ, ಮುಖ ಊದಿಸಬೇಡ.

ನನ್ನ ಮುಪ್ಪಿನ ಬಗ್ಗೆ ನೀನು ಪಡುವ ಚಿಂತೆ ಸುಳ್ಳಲ್ಲ. ಆ ಸಾಲುಗಳನ್ನು ಬರೆಯುವಾಗ ನಿನ್ನ ಕೈ ಒತ್ತಿದ್ದು ಹಾಳೆಯ ಹಿಂದಿನಿಂದಲೂ ಕಾಣುತ್ತದೆ. ಎರಡು ವರ್ಷ ದುಡಿದು ಗಂಟು ತಂದರೆ ಕೊನೆಗಾಲಕ್ಕೆ ನಿಶ್ಚಿಂತೆ ಎನ್ನುತ್ತೀಯ. ಆದರೆ ಮತ್ತೆ ಗಂಟಲು ಹೋದರೆ ಎರಡು ವರ್ಷ ಎರಡಾಗಿ ಉಳಿಯುವುದಿಲ್ಲ. ಇಲ್ಲಿ ಮೂರು ವರ್ಷದಲ್ಲಿ ಕೂಡುವುದು ಕಡಿಮೆಯೇ. ಬಂಗಲೆ ಕಟ್ಟಿಸಲು ಆಗುವುದಿಲ್ಲ, ಯಾರ ಮುಂದೆಯೂ ಕೈಚಾಚದೆ ಬದುಕಲು ಸಾಕು. ಮುಪ್ಪಿಗಾಗಿ ಈಗಿನ ದಿನಗಳನ್ನೆಲ್ಲ ಕತ್ತರಿಸಿ ಎತ್ತಿಡುವ ಮನಸ್ಸು ನನಗಿಲ್ಲ. ಐವತ್ತೊಂದು ಎಂದರೆ ಮುಪ್ಪಲ್ಲ, ಎರಡೆರಡು ಮೆಟ್ಟಿಲು ಹತ್ತುವ ವಯಸ್ಸು.

ಶಾಲೆಯ ಕಾಗದಕ್ಕೆ ಸೋಮವಾರ ರುಜು ಹಾಕುತ್ತೇನೆ. ಮ್ಯಾನೇಜರಿಗೆ ನಿನ್ನೆಯೇ ಫೋನು ಮಾಡಿ ಹೇಳಿಬಿಟ್ಟೆ. ಕಾರಣ ಕೇಳಿದರು. “ನನ್ನ ಜಾಗಕ್ಕೆ ಕಾಯ್ತಿರೋ ನೂರು ಜನರಿಗೆ ಅಡ್ಡ ಬರೋದು ಬೇಡ ಅಂತ” ಎಂದೆ. ವರ್ಷದ ಹಿಂದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಕೊನೆಗೂ ಸ್ಪಷ್ಟವಾಗಿ ಹೊರಬಂತು. ಧ್ವನಿ ಚೆನ್ನಾಗಿತ್ತು.

ನಿನಗೆ ಕೋಪ ಬಂದರೆ ಬರಲಿ. ಒಂದು ದಿನ ಇಟ್ಟುಕೊಂಡು ಎರಡನೆಯ ದಿನ ಕಾಗದ ಬರೆ. ಇನ್ನು ಮುಂದೆ ನಾನು ಕಿಟಕಿಯಿಂದ ಕಂಡದ್ದನ್ನೇ ಬರೆಯುತ್ತೇನೆ.

ಹನ್ನೊಂದಾಗುತ್ತಿದೆ. ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆ ಕೇಳಿಸುತ್ತಿದೆ.

ಇಷ್ಟು ಹೊತ್ತು ಗೆರೆ ಮೀರದೆ ಬರೆದ,
ನಿನ್ನ ಅಮ್ಮ

ಮರೆತಂತೆ ನಟಿಸಿ ಕೊನೆಗೆ ಉಳಿಸಿಕೊಂಡದ್ದು: ಅಪ್ಪನ ಪಾಡೇನು ಎಂದು ಕೇಳಿದ್ದೆಯಲ್ಲ. ಜನವರಿಯಲ್ಲಿ ನಿವೃತ್ತರಾದಾಗಿನಿಂದ ದಿನವೂ ಸಂಜೆ ಐದೂವರೆಗೆ ಟೈಲರಂಗಡಿಗೆ ಹೋಗಿ ಗಂಟೆಗಟ್ಟಲೆ ಕೂರುತ್ತಾರೆ, ಕೇಳಿದರೆ ಸುಮ್ಮನೆ ಎನ್ನುತ್ತಾರೆ ಎಂದು ದೂರಿದ್ದೀಯ. ಇದರ ಜೊತೆಗಿರುವ ನಾಲ್ಕು ಗೆರೆಯ ಹಾಳೆಯನ್ನು ನನ್ನ ಶಾಲೆಯ ಯಾವುದೋ ಮಗುವಿನದು ಅಂದುಕೊಂಡಿರುತ್ತೀಯ. ಅದು ನಿಮ್ಮಪ್ಪನದು. ಟೈಲರು ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಬರೆದು, ವಾರಕ್ಕೊಂದು ಹಾಳೆಯನ್ನು ನನಗೆ ಅಂಚೆಗೆ ಹಾಕುತ್ತಾರೆ. ಗೆರೆಗಳೂ ಅವರೇ ಎಳೆದದ್ದು. ಶಾಲೆಯ ಒಪ್ಪಂದದಲ್ಲಿ ಗಂಡ ಜೊತೆಗಿರಬಹುದು, ಅದಕ್ಕೇ ಎರಡು ಕೋಣೆ. ಐದು ಮಂಚದ ಕೋಣೆಯಲ್ಲಿ ಅದಾಗುತ್ತಿರಲಿಲ್ಲ. ಪಾಸ್‌ಪೋರ್ಟು ಹೋದ ವಾರ ಅವರ ಕೈಗೆ ಬಂದಿದೆ. ಭಾನುವಾರದ ಊಟಕ್ಕೆ ಅವರಿಲ್ಲದೆ ನಿನಗೆ ಬೇಸರವಾಗುತ್ತದೆ, ಗೊತ್ತು. ರಜೆ ಹಾಕಿ ನೀನೂ ಅಳಿಯಂದಿರೂ ಇಲ್ಲಿಗೇ ಬನ್ನಿ. ಅವರಾಗಿ ಹೇಳುವ ತನಕ ನಿನಗೆ ಗೊತ್ತಿಲ್ಲದ ಹಾಗೆ ಇರು. ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಹತ್ತು ಸಲ ಬರೆದಿರುವುದು ಒಂದೇ ವಾಕ್ಯ: ಈ ಬಸ್ಸು ನನ್ನ ಹೆಂಡತಿಯ ಮನೆಗೆ ಹೋಗುತ್ತದೆಯೇ? ಮೂವತ್ತು ವರ್ಷ ಜನರಿಗೆ ದಾರಿ ಹೇಳಿದ ಮನುಷ್ಯ. ಇಲ್ಲಿನ ಡ್ರೈವರಿಗೆ ಇಂಗ್ಲಿಷ್ ತಿಳಿಯುತ್ತದೋ ಇಲ್ಲವೋ, ಅದು ಬೇರೆ ಮಾತು. ನೀನು ನೋಡಿದ ಮೇಲೆ ಟೈಲರ ಕೈಗೆ ಕೊಟ್ಟುಬಿಡು, ಅವರಿಗೆ ತಲುಪುತ್ತದೆ. ಕೆಳಗೆ ಕೆಂಪು ಶಾಯಿಯಲ್ಲಿ ‘ಎಕ್ಸಲೆಂಟ್’ ಎಂದು ಬರೆದಿದ್ದೇನೆ. ಒಂದೇ ಸಲ ಬರೆದಿದ್ದೇನೆ, ಯಾರೂ ಎಣಿಸುತ್ತಿರಲಿಲ್ಲ.