ಕಿಲ್ಟಿಗೆ ಬೇಕಾದ ಬೆಲ್ಟು

ಈಸ್ಟ್‌ಗೇಟ್, ಜೂನ್ 2014

ಮಾವನವರಿಗೆ, ನಗು ತಡೆದುಕೊಂಡು ಸೊಸೆ ಮಾಡುವ ನಮಸ್ಕಾರ.

ಪಂಚೆ ಉಟ್ಟರೆ ಕಾಲು ಕಾಣುತ್ತದೆಂದು ನಾಚಿ, ಪ್ಯಾಂಟಿನಲ್ಲೇ ಧಾರೆಗೆ ಕೂತ ನಿಮ್ಮ ಮಗ ಈಗ ಕಿಲ್ಟ್ ತಂದಿದ್ದಾರೆ. ಅದು ಸ್ಕಾಟ್ಲೆಂಡಿನ ಗಂಡಸರು ಉಡುವ, ಮೊಣಕಾಲಿನವರೆಗಿನ ನೆರಿಗೆ ಲಂಗ. ಆಗಸ್ಟಿನಲ್ಲಿ ಆಫೀಸಿನವರೆಲ್ಲ ಅದನ್ನುಟ್ಟು ಬೆಟ್ಟ ಹತ್ತುತ್ತಾರಂತೆ. ನೆರಿಗೆಗಳಿಗೆ ಇಸ್ತ್ರಿ ಮಾಡಿದವಳು ನಾನು.

ನಿನ್ನೆ ಅಭ್ಯಾಸಕ್ಕೆಂದು ಮನೆಯ ಮೆಟ್ಟಿಲು ಹತ್ತಿದರು. ಮೂರನೆಯದಕ್ಕೇ ಕಿಲ್ಟ್ ಜಾರಿತು.

"ಅಪ್ಪ ಪಂಚೆ ಮೇಲೆ ಕಟ್ಕೋತಾರಲ್ಲ, ಆ ಹಸಿರು ಬೆಲ್ಟ್ ಕಳಿಸಕ್ಕೆ ಹೇಳೇ. ಅದ್ರಲ್ಲಿ ಪರ್ಸೂ ಇದೆ" ಎಂದರು.

ಅವರ ಆರೋಗ್ಯ ಚೆನ್ನಾಗಿದೆ, ಮೊಣಕಾಲಿಗೆ ಮಾತ್ರ ಸೊಳ್ಳೆ ಕಚ್ಚಿದೆ. ಬೆಲ್ಟ್ ಖಂಡಿತ ಕಳಿಸಿ. ಆದರೆ ಅವರು ಉಡದೆ ಬಿಟ್ಟ ಆ ಧಾರೆ ಪಂಚೆಯಲ್ಲಿ ಸುತ್ತಿ ಕಳಿಸಿ.

ಕಾರ್ಡ್ ತುಂಬಿತು.
ಜಾಹ್ನವಿ